ದುರ್ಗವ್ವ ಕೇಳಿದ ಪ್ರಶ್ನೆ

ನೂಲ ಎಂಬ ಹಳ್ಳಿಯ ದುರ್ಗವ್ವ ಗಂಡ ಸತ್ತ ಮೇಲೆ ಕುರಿಹಿಂಡನ್ನು ಒಬ್ಬಳೇ ಕಾಯ್ದು ಬೆಳೆಸಿದವಳು. ಟಗರು ಮಾರಿದ ದುಡ್ಡನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಗಡಹಿಂಗ್ಲಜದಲ್ಲಿ ರಾಜಮತಿಬಾಯಿ ಭಾನುವಾರ ನಡೆಸುತ್ತಿದ್ದ ತರಗತಿಗೆ ಹೋಗಿ ಕೂತಳು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು ರಾಜಮತಿಬಾಯಿ. ಷೇರು ಅಂದರೆ ಕಂಪನಿಯಲ್ಲಿ ಪಾಲು, ಬಾಂಡು ಅಂದರೆ ನಾವು ಕೊಟ್ಟ ಸಾಲ ಎಂದು ಬಿಡಿಸಿ ಹೇಳಿದರು.

“ಭಾಳ ಲಾಭದ ಬೆನ್ನಿಗೆ ಭಾಳ ಅಪಾಯ ಇರತೈತಿ. ಲಾಭ ಖಾತ್ರಿ ಅಂದವರಿಗೆ ಒಂದ ಮಾತು ಕೇಳ್ರಿ. ಅದು ಬರೂದು ಎಲ್ಲಿಂದ?”

“ಹೌದ್ರಿ ಬಾಯಾರ,” ಎಂದಳು ದುರ್ಗವ್ವ. “ಕುರಿ ಈದಷ್ಟ ಹಿಂಡು ಬೆಳೀತೈತಿ. ಈಯದನ ಬೆಳದ್ರ ಯಾರದೋ ಕುರಿ ಕದ್ದು ತಂದಾರ ಅಂತನ ಅರ್ಥ.”

ಅವಳ ತಮ್ಮ ಅವಧೂತ, ಗೋಕುಳ ಶಿರಗಾಂವ ಎಂಬ ಊರಿನ ಫೌಂಡ್ರಿ ಕೆಲಸ ಬಿಟ್ಟು ಕೊಲ್ಹಾಪುರದ ಒಂದು ಕಂಪನಿಗೆ ಏಜೆಂಟನಾಗಿದ್ದ. ಷೇರು ವ್ಯವಹಾರ ಮಾಡಿ ತಿಂಗಳಿಗೆ ನೂರಕ್ಕೆ ಹತ್ತು ಖಾತ್ರಿ ಕೊಡುತ್ತೇವೆ ಎನ್ನುತ್ತಿತ್ತು ಆ ಕಂಪನಿ. ಅಕ್ಕನ ದುಡ್ಡನ್ನೂ ಹಾಕಿಸಬೇಕೆಂದು ಅವನೇ ಅವಳನ್ನು ಇಚಲಕರಂಜಿಯ ಸಭೆಗೆ ಕರೆದೊಯ್ದ. ಸಭಾಗೃಹ ತುಂಬಿ ತುಳುಕುತ್ತಿತ್ತು. ವೇದಿಕೆಯ ಮೇಲಿದ್ದವನು ಮಾತು ಮುಗಿಸುತ್ತಿದ್ದಂತೆ ದುರ್ಗವ್ವ ಎದ್ದು ನಿಂತಳು.

“ಷೇರು ಪ್ಯಾಟಿ ಬಿದ್ದ ತಿಂಗಳದಾಗೂ ನೂರಕ್ಕ ಹತ್ತ ಕೊಟ್ಟೀರಿ. ಆ ರೊಕ್ಕ ಎಲ್ಲಿಂದ ಬಂತ್ರಿ?”

“ಅಕ್ಕಾ, ಕೂಡು!” ಎಂದು ಅವಧೂತ ಸೆರಗು ಜಗ್ಗಿದ. ಹಿಂದಿನಿಂದ ಯಾರೋ ಮರಾಠಿಯಲ್ಲಿ “ಏ, ಖಾಲೀ ಬಸ್!”, ಕೆಳಗೆ ಕೂಡು, ಎಂದು ಕಿರುಚಿದರು. ಅವಳು ಕೂಡಲಿಲ್ಲ.

ಮೊದಲ ಕುರ್ಚಿ ಎತ್ತಿ ಎಸೆದವನು ಬಾಹುಬಲಿ. ಮಗ್ಗಗಳನ್ನೆಲ್ಲ ಮಾರಿ ಬಂದ ರೊಕ್ಕವನ್ನು ಕಂಪನಿಗೆ ಸುರಿದಿದ್ದ ನೇಕಾರ. “ಗಾಳಿಸುದ್ದಿ ಹಬ್ಬಸ್ತಿ ಏನಲೇ? ಎಲ್ಲಾರೂ ಓಡಿ ಬಂದು ರೊಕ್ಕ ಕೇಳಿದ್ರ ನನ್ನ ಗತಿ ಏನು?” ಕುರ್ಚಿಯ ಕಾಲು ಅವಳ ಬಾಯಿಗೆ ಬಡಿದು ಮುಂದಿನ ಹಲ್ಲು ಮುರಿದವು. ಕೆಳಗೆ ಬಿದ್ದವಳನ್ನು ಹೆಂಗಸರು ಕೂದಲು ಹಿಡಿದು ಬಾಗಿಲತನಕ ಎಳೆದರು. ಪಕ್ಕೆಲುಬಿಗೆ ಒದೆ ಬೀಳುವಾಗ ಅವಳಿಗೆ ತಮ್ಮನ ಚಪ್ಪಲಿಗಳು ಕಂಡವು. ಅವು ಮುಂದೆ ಬರಲಿಲ್ಲ. ಹಿಂದೆ ಸರಿದವು.

ಶ್ರಾವಣದಲ್ಲಿ ಕಂಪನಿಗೆ ಬೀಗ ಬಿತ್ತು. ಅವಧೂತ ಓಡಿ ಬಂದು ಅಕ್ಕನ ಮನೆಯಲ್ಲೇ ಅಡಗಿದ. ಮರುದಿನ ಮಧ್ಯಾಹ್ನ ಟೆಂಪೊ ತುಂಬ ಜನ ಬಂದು ಅವನನ್ನು ಹೊರಗೆಳೆದು ಲೈಟಿನ ಕಂಬಕ್ಕೆ ಬಿಗಿದರು. ಬಾಹುಬಲಿ ತನ್ನಲ್ಲಿ ಉಳಿದಿದ್ದ ಹಳೆಯ ಮಗ್ಗದ ಚರ್ಮದ ಪಟ್ಟಿಯಿಂದ ಬಾರಿಸುತ್ತ ಹೋದ. ಅಂಗಿ ಹರಿಯಿತು, ತೊಗಲು ಸುಲಿಯಿತು. ಹಿಂದಿನಿಂದ ಒಬ್ಬ ಪೆಟ್ರೋಲಿನ ಬಾಟಲಿ ತಂದ.

ಅಡವಿಯಿಂದ ಕುರಿಗಳೊಂದಿಗೆ ಮರಳಿದ ದುರ್ಗವ್ವ ಅದನ್ನು ಕಂಡಳು. ಸೊಪ್ಪು ಕಡಿಯುವ ಕೊಡಲಿ ಕೈಯಲ್ಲೇ ಇತ್ತು. ಹಿಂಡು ಬಿಟ್ಟು ನುಗ್ಗಿ ಬಾಟಲಿ ಹಿಡಿದವನ ಮೊಣಕಾಲಿಗೆ ಕೊಡಲಿಯ ಹಿಡಿಕೆಯಿಂದ ಹೊಡೆದು ಕೆಡವಿದಳು. ಕಂಬದ ಹಗ್ಗಕ್ಕೆ ಅಲಗು ಬೀಸಿದಳು. ಅದೇ ಗಳಿಗೆಗೆ ಬಾಹುಬಲಿ ಹಗ್ಗ ಹಿಡಿಯಲು ಕೈ ಚಾಚಿದ. ಅವನ ಎರಡು ಬೆರಳು ಧೂಳಿಗೆ ಬಿದ್ದವು. ಅವನ ಕೂಗಿಗೆ ಕುರಿಗಳು ಚೆಲ್ಲಾಪಿಲ್ಲಿಯಾದವು. ಗುಂಪು ಹಿಂದೆ ಸರಿಯಿತು. ದುರ್ಗವ್ವ ಸೆರಗು ಹರಿದು ಬಾಹುಬಲಿಯ ಗಾಯಕ್ಕೆ ಬಿಗಿದು ಕಟ್ಟಿದಳು.

“ಅಕ್ಕಾ, ಓಡಿ ಹೋಗೂಣು ನಡಿ,” ಎಂದು ಅವಧೂತ ಅಳತೊಡಗಿದ.

ಅವಳು ಕಪಾಳಕ್ಕೆ ಬಿಗಿದಳು. “ಅವತ್ತ ನನ್ನ ಬಾಯಾಗ ರಕ್ತ ಸುರಿಯೂದು ನೋಡಕೋತ ನಿಂತಿದ್ದಿ. ಈಗ ನೀ ಬಾಯಿ ಬಿಡು. ಪೊಲೀಸರ ಮುಂದ ಎಲ್ಲಾ ಹೇಳು.”

ಅವಧೂತ ಹೇಳಿದ. ಕಂಪನಿ ಒಂದು ಷೇರನ್ನೂ ಕೊಂಡಿರಲಿಲ್ಲ. ಹೊಸಬರ ರೊಕ್ಕವನ್ನೇ ಹಳಬರಿಗೆ ಲಾಭವೆಂದು ಹಂಚುತ್ತಿತ್ತು. ಕೊಲ್ಹಾಪುರದ ಮಾಲೀಕ ಸಿಕ್ಕಿಬಿದ್ದ. ಅವನ ಬಂಗಲೆ ಜಪ್ತಾಯಿತು, ಅವಧೂತನೂ ಜೈಲು ಸೇರಿದ. ಬೆರಳು ಕಡಿದ ಕೇಸು ದುರ್ಗವ್ವನ ಮೇಲೂ ಬಿತ್ತು.

ಗಡಹಿಂಗ್ಲಜದ ಕೋರ್ಟಿನ ಪಡಸಾಲೆಯಲ್ಲಿ ಬಾಹುಬಲಿ ಅವಳೆದುರು ಬಂದು ನಿಂತ.

“ಅವತ್ತ ನಿನ್ನ ಮಾತು ಕೇಳಿದ್ರ ನನ್ನ ರೊಕ್ಕ ಉಳೀತಿತ್ತೇನು?”

ಹೌದೆಂದು ಸಮಾಧಾನ ಹೇಳಬಹುದಿತ್ತು. “ಇಲ್ಲೋ ಅಣ್ಣಾ,” ಎಂದಳು. “ಅವತ್ತಿಗೇ ಹಂಚಿ ಹೋಗಿತ್ತು. ನಿನ್ನ ಬೆರಳು ಮಾತ್ರ ಉಳೀತಿದ್ವು.”

ಅವನು ಹೊಡೆಯಲು ಎಡಗೈ ಎತ್ತಿದ. ಅವಳು ಮುಖ ತಿರುಗಿಸಲಿಲ್ಲ. ಕೈ ಹಾಗೇ ಇಳಿಯಿತು, ಅವನು ಅವಳ ಕಾಲ ಬಳಿ ಉಗುಳಿ ಮೆಟ್ಟಿಲಿಳಿದು ಹೋದ. ಒಳಗಿನಿಂದ ಅವಳ ಹೆಸರು ಕೂಗಿದರು. ಸೆರಗು ಸರಿಪಡಿಸಿಕೊಂಡು ಒಳಗೆ ನಡೆದಳು.