ಮೇಸ್ತ್ರಿಯ ಮೊದಲ ಸುತ್ತು

ಗಬ್ಬೂರ ಬೈಪಾಸಿನ ಬದಿಯಲ್ಲಿ ಲಾರಿಗಳ ಭಾರ ಹೊರುವ ಉಕ್ಕಿನ ಕಮಾನುಪಾಟಾ ಕಟ್ಟುವ ಮಲ್ಲಿಕಸಾಬ ನಾಲ್ಕು ವರ್ಷದಿಂದ ಒಂದೇ ದಿನಕ್ಕಾಗಿ ಕಾದಿದ್ದ. ಪಕ್ಕದ ಟೈರ್ ಅಂಗಡಿಯ ಫಾರೂಕ, ಸ್ವಂತ ಚಿಕ್ಕಪ್ಪನ ಮಗ, ತನ್ನ ಮುಂದೆ ಬಂದು ನಡುಗುತ್ತ ನಿಲ್ಲಬೇಕು.

ಲಾಕ್‌ಡೌನಿನ ವರ್ಷ ಷೇರುಪೇಟೆ ಕುಸಿದಾಗ ಈ ಫಾರೂಕನೇ ದಿನಕ್ಕೆ ಮೂರು ಸಲ ಫೋನ್ ಮಾಡಿ ಹೆದರಿಸಿದ್ದ. "ಭಾಯಿ, ಇನ್ನೊಂದ್ ವಾರದಾಗ ಫಂಡ್ ಎಲ್ಲಾ ಮಣ್ಣಪಾಲು. ಸಿಕ್ಕಷ್ಟು ಬಾಚ್ಕೋ." ಹಿರಿಯ ಮಗಳು ಅಲ್ಫಿಯಾಳ ನರ್ಸಿಂಗ್ ಓದಿಗೆಂದು ಒಂಬತ್ತು ವರ್ಷ ಮ್ಯೂಚುವಲ್ ಫಂಡಿಗೆ ಹಾಕಿದ್ದನ್ನು ಮಲ್ಲಿಕಸಾಬ ಬಿದ್ದ ಬೆಲೆಗೇ ಮಾರಿದ. ಮರುವರ್ಷ ಫಾರೂಕ ವಿದ್ಯಾನಗರದಲ್ಲಿ ಮನೆ ಕೊಂಡು ದಾವತ್ತು ಇಟ್ಟ. ಬಿರಿಯಾನಿ ಬಡಿಸುತ್ತ ಎಲ್ಲರ ಮುಂದೆ ನಕ್ಕ: "ಭಾಯಿ ಮಾರಿದ ವಾರದಾಗ ನಾ ಅದೇ ಫಂಡ್ ತಗೊಂಡೆ. ಅಂಜಿದವನ ಎಮ್ಮಿ ಅಗ್ಗ ನೋಡ್ರಿ!" ಪಂಕ್ತಿಯೆಲ್ಲ ನಕ್ಕಿತು. ಅಷ್ಟೊತ್ತಿಗೆ ಅಲ್ಫಿಯಾ ಬಟ್ಟೆಯಂಗಡಿಯೊಂದರಲ್ಲಿ ಸೀರೆ ಮಡಚುವ ಕೆಲಸಕ್ಕೆ ಸೇರಿದ್ದಳು.

ಮಲ್ಲಿಕಸಾಬ ಉಂಡ, ಕೈತೊಳೆದ, ಮನೆಗೆ ಬಂದ. ಮುಂದಿನ ತಿಂಗಳೇ ಕಿರಿಯ ಮಗಳು ಮುಸ್ಕಾನಳ ಓದಿಗೆಂದು ಮತ್ತೆ ಕಂತು ಹಚ್ಚಿದ. ಈ ಸಲ ಮನಸ್ಸನ್ನೂ ಹದ ಮಾಡಿಕೊಂಡ. ಭಾರ ಹೇರಿದ ಲಾರಿಯ ಪಾಟಾ ನೋಡಿ ಯಾವ ಮೇಸ್ತ್ರಿಯೂ ಅದು ಹೋಯಿತು ಅನ್ನುವುದಿಲ್ಲ. ಭಾರ ಇಳಿಸಿ ನೋಡುತ್ತಾನೆ. ಯುದ್ಧ ಅಂತ ಪೇಟೆ ಕುಸಿಯಿತು, ಚುನಾವಣೆ ಅಂತ ಕುಸಿಯಿತು. ಮಲ್ಲಿಕಸಾಬ ಮಾರಲಿಲ್ಲ, ಸುತ್ತಿಗೆ ಬಿಡಲಿಲ್ಲ.

ಈ ಫೆಬ್ರುವರಿಯಲ್ಲಿ ಪೇಟೆ ದಿನಾ ಇಳಿಯತೊಡಗಿತು. ಒಂದು ಮಧ್ಯಾಹ್ನ ಫಾರೂಕ ಬಂದು ಕುಲುಮೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅಂಗಡಿಯ ಮೇಲೆ ಸಾಲ ಎತ್ತಿ ಎಲ್ಲವನ್ನೂ ಪೇಟೆ ತುದಿಗೇರಿದ್ದಾಗ ಹಾಕಿದ್ದ.

"ಭಾಯಿ, ಊಟ ಸೇರವಲ್ದು. ಇಟ್ಕೊಳ್ಲೋ, ಮಾರ್ಲೋ?"

ಇಟ್ಟುಕೋ ಅನ್ನುವುದೇ ಸರಿಯಾದ ಮಾತು. ಅದು ಮಲ್ಲಿಕಸಾಬನ ನಾಲಿಗೆಯ ತುದಿಗೂ ಬಂದಿತ್ತು. ಕೆಂಪಗೆ ಕಾದ ಪಾಟಾವನ್ನು ಎಣ್ಣೆಯಲ್ಲಿ ಅದ್ದಿದ.

"ಮಾರು. ಇನ್ನೂ ಭಾಳ ಇಳಿತೈತಿ."

ಫಾರೂಕ ಕಣ್ಣು ಕಿರಿದು ಮಾಡಿದ. "ನೀ ಮಾರಿದಿಯೇನು?"

ಗಬ್ಬೂರಿನ ಗ್ಯಾರೇಜುಗಳಲ್ಲಿ ಒಂದು ಕಟ್ಟಳೆಯಿದೆ. ಬ್ರೇಕು ಸರಿಯಾಯಿತು ಎಂದ ಮೇಸ್ತ್ರಿಯೇ ಮೊದಲ ಸುತ್ತು ಗಾಡಿ ಓಡಿಸಬೇಕು. ಅವನು ಹತ್ತದ ಗಾಡಿಯನ್ನು ಡ್ರೈವರ್ ಮುಟ್ಟುವುದಿಲ್ಲ.

"ಮೊದಲ ಸುತ್ತು ಮೇಸ್ತ್ರೀದು, ಭಾಯಿ," ಎಂದ ಫಾರೂಕ. "ನನ್ನ ಮುಂದ ಮಾರಿ ತೋರ್ಸು."

ಪೇಟೆ ಎಷ್ಟು ಇಳಿದರೂ ಹೆದರಬಾರದೆಂದು ಮನಸ್ಸನ್ನು ಕಟ್ಟಿಕೊಂಡವನಿಗೆ ಈ ಮಾತಿಗೆ ಏನು ಮಾಡಬೇಕೆಂಬ ತಯಾರಿ ಇರಲಿಲ್ಲ. ದಾವತ್ತಿನ ಪಂಕ್ತಿಯ ನಗು ಕಿವಿಯಲ್ಲಿ ಮತ್ತೆ ಎದ್ದಿತು. ಎಣ್ಣೆಗೈಯನ್ನು ಅಂಗಿಗೆ ಒರೆಸಿ, ಫೋನ್ ತೆಗೆದು, ಮುಸ್ಕಾನಳ ಓದಿಗೆ ಕೂಡಿಟ್ಟಿದ್ದನ್ನೆಲ್ಲ ಮಾರಿದ. ಫಾರೂಕ ಅಲ್ಲೇ ಕುಳಿತು ತನ್ನದನ್ನೂ ಮಾರಿದ.

ಮಾರ್ಚ್ ಕಳೆದ ಮೇಲೆ ಪೇಟೆ ಏರಿತು. ಮಲ್ಲಿಕಸಾಬ ಮರಳಿ ಹಾಕಬಹುದಿತ್ತು. ಹಾಕಿದರೆ ನೋಡಿಕೊಂಡು ಫಾರೂಕನೂ ಹಾಕುತ್ತಾನೆ! ಹಾಕಲಿಲ್ಲ. ಜೂನ್ ಬರುವಷ್ಟರಲ್ಲಿ ಮಾರಿದ್ದೆಲ್ಲ ಕುಸಿಯುವ ಮೊದಲಿನ ಬೆಲೆಗೆ ಮುಟ್ಟಿತ್ತು. ಸಾಲದವರು ಫಾರೂಕನ ಟೈರ್ ಅಂಗಡಿಗೆ ಬೀಗ ಹಾಕಿದರು. ಇತ್ತ ಮುಸ್ಕಾನಳ ಕಾಲೇಜಿನ ಫೀಗೆ ಒಂದೂವರೆ ಲಕ್ಷ ಕಡಿಮೆ ಬಿತ್ತು.

ಬೀಗ ಬಿದ್ದ ದಿನ ಫಾರೂಕ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಇರ್ಲಿ ಬಿಡು ಭಾಯಿ. ನೀ ಏನ್ ಮಾಡ್ತಿ? ನನ್ನ ಕೂಡ ನೀನೂ ಮುಳುಗಿದಿ. ನಮ್ಮಿಬ್ರ ಹಣೇಬಾರ ಒಂದೇ."

ಆ ಅನುಕಂಪ ಮಲ್ಲಿಕಸಾಬನಿಗೆ ಬಿರಿಯಾನಿಯ ನಗೆಗಿಂತ ಹೆಚ್ಚು ಉರಿಯಿತು. ಕೈಯನ್ನು ಕೊಡವಿ ಎದ್ದ.

"ಹಣೇಬಾರ ಅಲ್ಲಲೇ. ಏರ್ತೈತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೇ ಮಾರ್ಸಿದೆ. ಅಂಜಿದವನ ಎಮ್ಮಿ ಅಗ್ಗ ಅಂದಿದ್ದಿಯಲ್ಲಾ, ನೆನಪೈತೇನು?"

ಫಾರೂಕನ ಮುಖದ ರಕ್ತ ಇಳಿಯಿತು. ನಾಲ್ಕು ವರ್ಷ ಕಾದಿದ್ದು ಈ ಮುಖಕ್ಕಾಗಿಯೇ. ಮಲ್ಲಿಕಸಾಬ ಅದನ್ನು ಕಣ್ತುಂಬ ನೋಡಿದ. ಆದರೆ ಫಾರೂಕ ಅವನನ್ನು ನೋಡುತ್ತಿರಲಿಲ್ಲ, ಅವನ ಬೆನ್ನ ಹಿಂದೆ ನೋಡುತ್ತಿದ್ದ.

ಊಟದ ಡಬ್ಬಿ ಹಿಡಿದು ಮುಸ್ಕಾನ್ ನಿಂತಿದ್ದಳು.

"ಗೊತ್ತಿದ್ದೇ ನಂದೂ ಮಾರಿದ್ರೇನ್ರಿ, ಅಬ್ಬಾಜಾನ್?"