ಶೌಚಾಲಯ: ಇದೆ

ಶಿಕ್ಷಣ ಕಚೇರಿಯವರು ಹಂಚಿದ ಪುಸ್ತಕದಲ್ಲಿ ಆ ಭಾಗದ ಐದು ಸರ್ಕಾರಿ ಶಿಶುವಿಹಾರಗಳ ಹೋಲಿಕೆ ಇತ್ತು. ಅದನ್ನು ಹೋಲಿಕೆ ಎಂದು ಕರೆದವರ ಧೈರ್ಯ ಮೆಚ್ಚಬೇಕು. ಕುಡಿಯುವ ನೀರು: ಇದೆ. ಆಟದ ಸಾಮಾನು: ಇದೆ. ಶೌಚಾಲಯ: ಇದೆ. ಐದು ಶಾಲೆಗೆ ಐದು ಸಾಲು, ಸಾಲಿನುದ್ದಕ್ಕೂ ಇದೆ, ಇದೆ, ಇದೆ. ಟೈಲರಮ್ಮ ಹೊಲಿಗೆ ಯಂತ್ರದ ಮೇಲೆ ಪುಸ್ತಕ ಬಿಡಿಸಿಟ್ಟು ಎರಡು ಸಲ ಓದಿದಳು. ಅವಳೂ ಹೀಗೆ ಒಂದೇ ಅಳತೆಗೆ ಐವರ ಅಂಗಿ ಹೊಲಿದಿದ್ದರೆ ಗಿರಾಕಿಗಳು ಸುಮ್ಮನೆ ಬಿಡುತ್ತಿದ್ದರೇ?

ಅವಳಿಗೆ ಬೇಕಾಗಿದ್ದದ್ದು ಆ ಕೊನೆಯದೊಂದೇ. ನಾಲ್ಕು ವರ್ಷದ ಮಗಳು ಗುಬ್ಬಿ ಮನೆಯಲ್ಲಿ ಇಡೀ ದಿನ ವಟವಟ ಅನ್ನುತ್ತಾಳೆ. ಹೊರಗೆ ಕಾಲಿಟ್ಟರೆ ಬಾಯಿಗೆ ಬೀಗ. ಒಂದಕ್ಕೆ ಬಂದರೂ ಕೇಳುವುದಿಲ್ಲ, ಕಾಲಿಗೆ ಕಾಲು ಹೆಣೆದುಕೊಂಡು ಕೂತುಬಿಡುತ್ತಾಳೆ. ಆರು ತಿಂಗಳಲ್ಲಿ ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು. ಇನ್ನು ಮೇಲೆ ತಡೆದುಕೊಳ್ಳೋಕೆ ಬಿಡಲೇಬೇಡಿ, ಮೂತ್ರಪಿಂಡಕ್ಕೇ ತೊಂದರೆ ಎಂದು ಡಾಕ್ಟರು ಗದರಿದ್ದರು.

"ಐದೂ ಸರ್ಕಾರದ್ದೇ ಅಲ್ವೇನೇ, ಯಾವುದಾದ್ರೇನು?" ಎಂದ ಬಸ್ಸು ಓಡಿಸುವ ಗಂಡ. ಅವಳು ನೋಡಿದ ನೋಟಕ್ಕೆ ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದ.

ಕೊರಳಿಗೆ ಟೇಪು, ಕೈಯಲ್ಲಿ ಗಿರಾಕಿಗಳ ಅಳತೆ ಪುಸ್ತಕ, ಸೊಂಟಕ್ಕೆ ಅಂಟಿಕೊಂಡ ಗುಬ್ಬಿ. ಹೀಗೆ ಅವಳು ಒಂದು ವಾರದಲ್ಲಿ ಐದೂ ಶಾಲೆ ಸುತ್ತಿದಳು. ಮೂರನ್ನು ನೋಡಿದ ಕೂಡಲೇ ಪಟ್ಟಿಯಿಂದ ಹೊಡೆದುಹಾಕಿದಳು. ನಾಲ್ಕನೆಯದು ಹಿಂದಿನ ಓಣಿಯ ಪುಟ್ಟ ಶಾಲೆ. ತರಗತಿಯ ಬಾಗಿಲಿಂದ ಶೌಚಾಲಯದ ಬಾಗಿಲಿಗೆ ಮೂರೇ ಟೇಪಿನುದ್ದ. ಬೀಗವಿಲ್ಲ, ಮಕ್ಕಳು ತಾವೇ ಹೋಗಿ ಬರುತ್ತಿದ್ದರು. ಐದನೆಯದು ಹಳದಿ ಕಟ್ಟಡ. ಶೌಚಾಲಯ ಮೈದಾನದ ಆಚೆ, ನೂರ ನಲವತ್ತು ಹೆಜ್ಜೆ. ಅದಕ್ಕೆ ಬೀಗ ಬೇರೆ, ಕೀಲಿ ಪಕ್ಕದ ದೊಡ್ಡ ಶಾಲೆಯ ಆಫೀಸಿನಲ್ಲಿ. ಅರ್ಜಿಯಲ್ಲಿ ಓಣಿಯ ಶಾಲೆಯನ್ನೇ ಮೊದಲು ಬರೆದಳು, ಸಮಾಧಾನದಿಂದ ನಿದ್ದೆ ಮಾಡಿದಳು.

ಪಟ್ಟಿ ಬಂತು. ಗುಬ್ಬಿಗೆ ಸಿಕ್ಕಿದ್ದು ಹಳದಿ ಕಟ್ಟಡ.

"ಮನೆಗೆ ಹತ್ತಿರದ್ದು ಕೊಡೋದು ನಿಯಮ," ಎಂದರು ಕಚೇರಿಯ ಗುಮಾಸ್ತರು, ಕಂಪ್ಯೂಟರಿನಿಂದ ಕಣ್ಣು ಎತ್ತದೆ.

"ನಮ್ಮನೆಗೆ ಹತ್ತಿರ ಓಣಿ ಶಾಲೆನೇ ಸಾರ್. ಹಿಂದಿನ ಬಾಗಿಲು ತೆಗೆದ್ರೆ ಕಾಣ್ಸುತ್ತೆ."

"ನೀವು ಬರೆದಿರೋ ವಿಳಾಸ ದೊಡ್ಡ ರಸ್ತೆದು. ಆ ರಸ್ತೆಯೋರಿಗೆ ಹಳದಿ ಕಟ್ಟಡನೇ."

ಅಲ್ಲೇ ಅವಳು ಎಡವಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ಎರಡು ಬಾಗಿಲಿಗೆ ಎರಡು ನಂಬರು. ಗಿರಾಕಿಗಳಿಗೆ ಬರೆದುಕೊಟ್ಟು ಅಭ್ಯಾಸವಾದ ಕೈ ಅಂಗಡಿಯ ನಂಬರನ್ನೇ ಬರೆದುಬಿಟ್ಟಿತ್ತು. ಊರಿನವರ ಅಳತೆಯೆಲ್ಲ ತಪ್ಪಿಲ್ಲದೆ ಬರೆಯುವ ಕೈ.

"ಈಗ ತಿದ್ದೋಕಾಗಲ್ವಾ?"

"ಮುಂದಿನ ವರ್ಷ ತಿದ್ದಬಹುದು."

"ಅಲ್ಲಿ ಶೌಚಾಲಯಕ್ಕೆ ಬೀಗ ಹಾಕಿರ್ತಾರೆ ಸಾರ್. ನೀವ್ಯಾರಾದ್ರೂ ಹೋಗಿ ನೋಡಿದ್ದೀರಾ?"

"ಶಾಲೆಯೋರು ಬರೆದು ಕಳಿಸ್ತಾರೆ, ನಾವು ಅಚ್ಚು ಹಾಕಿಸ್ತೀವಿ. ಇದೆ ಅಂತ ಬರೆದಿದ್ದಾರಲ್ಲಮ್ಮ."

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇದೆ ಎಂದು ಬರೆದ ಆ ಪುಣ್ಯಾತ್ಗಿತ್ತಿ ಯಾರೋ ನೋಡಿಯೇಬಿಡೋಣ ಎಂದು ಗುಬ್ಬಿಯನ್ನು ಎತ್ತಿಕೊಂಡು ನೇರ ಹಳದಿ ಕಟ್ಟಡಕ್ಕೆ ನಡೆದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಳು.

ತರಗತಿಯಲ್ಲಿ ಮೂವತ್ತನಾಲ್ಕು ಮಕ್ಕಳು, ಒಬ್ಬಳೇ ಟೀಚರು. ಒಂದು ಕೈಯಲ್ಲಿ ಯಾರದೋ ಮೂಗು ಒರೆಸುತ್ತ, ಇನ್ನೊಂದರಲ್ಲಿ ಕಿಟಕಿ ಹತ್ತುವವನ ಅಂಗಿ ಹಿಡಿದುಕೊಂಡಿದ್ದಳು.

"ಶೌಚಾಲಯ ಇದೆ ಅಂತ ಬರೆದೋರು ನೀವೇನಾ?"

"ನಾನೇ." ಟೀಚರು ಅಳುಕಲಿಲ್ಲ. "ಇದೆ, ಇಲ್ಲ, ಎರಡೇ ಕೊಟ್ಟಿದ್ರು. ಬೀಗದ ವಿಷಯ ಬರೆಯೋಕೆ ಜಾಗ ಇರ್ಲಿಲ್ಲ. ಬೇರೆ ಹಾಳೇಲಿ ಬರೆದು ಮೂರು ಸಲ ಕಳಿಸಿದೀನಿ. ಉತ್ತರ ಬಂದಿಲ್ಲ."

"ಮಕ್ಕಳು ಏನ್ ಮಾಡ್ಬೇಕು?"

"ಹನ್ನೊಂದಕ್ಕೆ ಆಯಾ ಬರ್ತಾಳೆ, ಆಗ ಎಲ್ಲರನ್ನೂ ಸಾಲಾಗಿ ಕರ್ಕೊಂಡು ಹೋಗ್ತೀವಿ. ಅಲ್ಲೀವರೆಗೆ..." ಟೀಚರು ಧ್ವನಿ ತಗ್ಗಿಸಿದಳು. "ನಾನೂ ಬೆಳಿಗ್ಗೆ ನೀರು ಕುಡಿಯಲ್ಲಮ್ಮ. ಇವರನ್ನ ಬಿಟ್ಟು ಹೇಗೆ ಹೋಗ್ಲಿ?"

ಟೀಚರು ಭಾರವನ್ನು ಆ ಕಾಲಿಂದ ಈ ಕಾಲಿಗೆ ಬದಲಿಸುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ಗುಬ್ಬಿಯೂ ಹೀಗೇ ಮಾಡುತ್ತಾಳೆ.

"ಈಗ ಹೋಗ್ಬನ್ನಿ. ನಾನಿರ್ತೀನಿ ಇಲ್ಲಿ."

"ನಿಜವಾಗ್ಲೂ?"

"ಹೋಗಿ ಅಂದ್ನಲ್ಲ."

ಟೀಚರು ಮೈದಾನದಲ್ಲಿ ಓಡುತ್ತ ಕೀಲಿ ತರಲು ದೊಡ್ಡ ಶಾಲೆಯ ಮೂಲೆಯಲ್ಲಿ ಮರೆಯಾದಳು. ಕಿಟಕಿಯವನು ಮತ್ತೆ ಹತ್ತಿದ. ಟೈಲರಮ್ಮ ಅವನನ್ನು ಹಿಡಿದಳು. ಅಷ್ಟರಲ್ಲಿ ಇಬ್ಬರು ಬಾಗಿಲ ಕಡೆ ಓಡಿದರು. ಅವರಿಗೆ ಅಡ್ಡ ನಿಂತಾಗ ಯಾರೋ ಸೆರಗು ಎಳೆದಂತಾಯಿತು.

ಗುಬ್ಬಿ. ಓಡಿಹೋದ ಟೀಚರನ್ನೇ ನೋಡುತ್ತಿದ್ದವಳು ಹೊರಗಿನ ಜಾಗದಲ್ಲಿ, ಅಷ್ಟು ಜನರ ಎದುರು, ಹುಟ್ಟಿದ ಮೇಲೆ ಮೊದಲ ಸಲ ಬಾಯಿಬಿಟ್ಟು ಕೇಳಿದಳು.

"ಅಮ್ಮಾ, ನಂಗೂ ಬರ್ತಿದೆ."

ಟೈಲರಮ್ಮ ಮೈದಾನ ನೋಡಿದಳು, ಮೂವತ್ತನಾಲ್ಕು ತಲೆ ನೋಡಿದಳು. ಬಾಗಿಲಿಗೆ ಅಡ್ಡ ಇಟ್ಟ ಕಾಲು ತೆಗೆಯುವಂತಿರಲಿಲ್ಲ.

"ಸ್ವಲ್ಪ ತಡ್ಕೋ ಕಂದ," ಎಂದಳು.