ಮುಳ್ಳಿಲಿಗೆ ಮಣ್ಣು ಕೊಟ್ಟದ್ದು

ನಮ್ಮ ಶಿಶುವಿಹಾರದ ಬೇಲಿಯ ಮೇಲೆ ಮೂರು ಮಾತು ಬರೆಸಿದ್ದೇವೆ: ಮಗುವನ್ನು ಅವಸರಪಡಿಸಬೇಡ, ಬಂದವರನ್ನು ಆದರಿಸು, ಜೀವಿಗಳನ್ನು ಗೌರವಿಸು. ಪೋಷಕರ ಸಮಿತಿಯೊಂದಿಗೆ ಒಂದು ಚಳಿಗಾಲವಿಡೀ ಜಗಳವಾಡಿ ತೀರ್ಮಾನಿಸಿದ್ದು ಇದು. ಜಗಳದ ಮುಕ್ಕಾಲು ಪಾಲು ಸಮಿತಿಯ ಅಧ್ಯಕ್ಷ ಬೆವನ್‌ನದು. ಅವನು ಹಾಲಿನ ಟ್ಯಾಂಕರ್ ಓಡಿಸುವವನು, ಗಡಿಯಾರವೇ ಅವನ ದೇವರು. 'ಹೊತ್ತಿಗೆ ಸರಿಯಾಗಿ ಬಾ' ಎಂಬುದೂ ಒಂದು ಇರಲಿ ಎಂದು ಅವನು ಎಷ್ಟು ಹಟ ಹಿಡಿದರೂ ನಮ್ಮ ಮುಖ್ಯಸ್ಥೆ ನೈರಿ ಸೊಪ್ಪು ಹಾಕಲಿಲ್ಲ. ಜೀವಿಗಳ ವಿಷಯದಲ್ಲಿ ಮಾತ್ರ ಅವನು ತಕರಾರು ಎತ್ತಲಿಲ್ಲ. ಕಡಲತಡಿಯ ಹಕ್ಕಿಗಳ ಮೊಟ್ಟೆ ಕದಿಯುವ ಮುಳ್ಳಿಲಿಗಳಿಗೆ ಬೋನು ಇಡುವುದು ಅವನ ಭಾನುವಾರದ ಕೆಲಸ. ಆ ಮಾತು ಹಕ್ಕಿಗಳನ್ನು ಕುರಿತದ್ದು ಎಂದೇ ಅವನು ತಿಳಿದಿದ್ದ.

ವಸಂತದಲ್ಲಿ ಊರಿನ ಅಗ್ನಿಶಾಮಕ ದಳಕ್ಕೆ ರಾಜಧಾನಿ ವೆಲ್ಲಿಂಗ್ಟನ್‌ನಿಂದ ಹೊಸ ಗಾಡಿ ಬಂತು. ಮೇಯರಮ್ಮ ರಿಬ್ಬನ್ ಕತ್ತರಿಸುವುದು, ನಮ್ಮ ಮಕ್ಕಳು ಹಾಡುವುದು ಎಂದು ನಿಶ್ಚಯವಾಯಿತು. ದಳದ ಠಾಣೆ ಎರಡು ಬೀದಿ ಆಚೆಗಿದೆ. ಬೆವನ್ ನಮ್ಮ ಜೊತೆಗೆ ತಾನೇ ಬಂದು, ಮಕ್ಕಳನ್ನು ಒಂದು ಗಂಟೆ ಮುಂಚೆಯೇ ಹೊರಡಿಸಿದ.

ಬೇಕರಿಯ ಮೂಲೆಯಲ್ಲಿ ಒಂದು ಮುಳ್ಳಿಲಿ ಸತ್ತು ಬಿದ್ದಿತ್ತು. ಮೊದಲು ಕಂಡವಳು ನಾಲ್ಕು ವರ್ಷದ ಪಾನಿಯಾ. ಹಿಂದಿನ ತಿಂಗಳಷ್ಟೇ ಅವಳ ಮುತ್ತಜ್ಜ ತೀರಿಕೊಂಡಿದ್ದ. ಈ ನಾಡಿನ ಮೂಲನಿವಾಸಿಗಳಾದ ಮಾವೊರಿಗಳ ಪದ್ಧತಿಯಂತೆ ಮನೆಮಂದಿಯೆಲ್ಲ ಹಗಲೂ ರಾತ್ರಿ ಹೆಣದ ಪಕ್ಕದಲ್ಲೇ ಇದ್ದದ್ದನ್ನು ಅವಳು ಕಂಡಿದ್ದಳು. ಈಗ ಕಾಲುದಾರಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಸತ್ತೋರನ್ನ ಒಂಟಿಯಾಗಿ ಬಿಟ್ಟು ಹೋಗಬಾರದು," ಅಂದಳು.

ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಕೂತವು. ಬೆವನ್ ನೈರಿಯ ಕಿವಿಯ ಹತ್ತಿರ ಬಾಗಿದ. "ಅದು ಮುಳ್ಳಿಲಿ ಕಣೇ. ವಾರ ವಾರ ನಾನು ಹಿಡಿದು ಸಾಯ್ಸೋದು ಇದನ್ನೇ."

"ಹಾಗಂತ ಇವರಿಗೆ ನೀನೇ ಹೇಳು," ಅಂದಳು ನೈರಿ.

ಅವನು ಮಕ್ಕಳ ಮುಖಗಳನ್ನು ನೋಡಿದ, ಗಡಿಯಾರ ನೋಡಿದ.

ಯಾರು ಮಾತಾಡುತ್ತಾರೆ ಎಂದು ಪಾನಿಯಾ ವಿಚಾರಿಸಿದಳು. ಅವಳ ಕುಲದಲ್ಲಿ ಸಾವಿನ ಮುಂದೆ ನಿಂತು ಮಾತಾಡುವುದು ಗಂಡಸರು. ಅಲ್ಲಿದ್ದ ದೊಡ್ಡ ಗಂಡಸು ಬೆವನ್ ಒಬ್ಬನೇ. ತನಗೂ ಸತ್ತವನಿಗೂ ಸ್ನೇಹವಿರಲಿಲ್ಲ ಎಂದು ಅವನು ತಪ್ಪಿಸಿಕೊಳ್ಳಲು ನೋಡಿದ. ಅದಕ್ಕೇನಂತೆ, ಸತ್ತವರ ಎದುರು ನಿಂತು ಇದ್ದ ಸಿಟ್ಟನ್ನೂ ಹೇಳಬಹುದು, ಬಚ್ಚಿಡಬಾರದು ಅಷ್ಟೆ ಎಂದು ನೈರಿ ತಿಳಿಸಿದಳು. ಇದು ಅವನಿಗೆ ಹಿಡಿಸಿತು. ಟೋಪಿ ತೆಗೆದು ಗಂಟಲು ಸರಿಮಾಡಿಕೊಂಡ.

"ನೋಡಪ್ಪಾ, ನನಗೂ ನಿನಗೂ ಆಗಿ ಬರಲಿಲ್ಲ. ನೀನು ತಿಂದ ಮೊಟ್ಟೆಗೆ ಲೆಕ್ಕ ಇಲ್ಲ. ನಾನು ಮೀನು ಕಟ್ಟಿ ಬೋನಿಟ್ಟರೆ ಮೀನೂ ತಿಂದು, ಬೋನಿನ ಮೇಲೇ ಕಕ್ಕ ಮಾಡಿ ಹೋದೆ."

ಮಕ್ಕಳು ಬಿದ್ದು ಬಿದ್ದು ನಕ್ಕವು. ಪಾನಿಯಾ ನಗಲಿಲ್ಲ, ಹಿರಿಯಳ ಹಾಗೆ ತಲೆದೂಗಿದಳು. ಬೆವನ್ ಮುಂದುವರಿಸಿದ.

"ಆದರೆ ನಿನ್ನ ವಂಶದೋರನ್ನ ದೂರದೇಶದಿಂದ ಹಡಗಲ್ಲಿ ತುಂಬ್ಕೊಂಡು ಇಲ್ಲಿಗೆ ತಂದೋರು ನಮ್ಮ ತಾತಂದಿರೇ. ನೀವಾಗಿ ಬರಲಿಲ್ಲ. ಹಸಿವಾಯ್ತು, ತಿಂದ್ರಿ."

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅವನಿಗೆ ತನ್ನ ತಾಯಿ ನೆನಪಾದಳು. ಹಿತ್ತಿಲಿನ ಮುಳ್ಳಿಲಿಗೆ ಅವಳು ಸಂಜೆ ತಟ್ಟೆಯಲ್ಲಿ ಹಾಲು ಇಡುತ್ತಿದ್ದಳಂತೆ, ತಾನು ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ಕಾಯುತ್ತಿದ್ದನಂತೆ. ತಾಯಿಯಿಂದ ಅವಳ ತೋಟಕ್ಕೆ, ತೋಟದಿಂದ ಅವಳ ಕೊನೆಯ ಕಾಯಿಲೆಗೆ ಮಾತು ಹರಿಯಿತು. ಬೇಕರಿಯಾಕೆ ಹೊರಗೆ ಬಂದು ಏಪ್ರನ್‌ನಿಂದ ಕಣ್ಣು ಒರೆಸಿಕೊಂಡಳು. ನಾನು ಕಂಡಂತೆ ಮೊದಲ ಬಾರಿಗೆ ನೈರಿ ಕದ್ದು ಗಡಿಯಾರ ನೋಡಿದಳು.

ಬೇಕರಿಯಾಕೆಯ ಗುಲಾಬಿ ಪಾತಿಯಲ್ಲೇ ಮಣ್ಣು ಮಾಡಿದೆವು. ಹಾಡೊಂದು ಬೇಕಲ್ಲ, ಮಕ್ಕಳಿಗೆ ಬರುತ್ತಿದ್ದದ್ದು ಸಮಾರಂಭಕ್ಕೆಂದು ಕಲಿತ ಬೆಂಕಿ ಗಾಡಿಯ ಹಾಡೊಂದೇ. ಗಂಟೆ ಬಾರಿಸುವ ಶಬ್ದದ ಸಮೇತ ಅದನ್ನೇ ಹಾಡಿದವು. ಇನ್ನಾದರೂ ಹೊರಡೋಣವೆಂದರೆ ಪಾನಿಯಾ ಬಿಡಲಿಲ್ಲ. ಮಣ್ಣು ಕೊಟ್ಟ ಮೇಲೆ ಎಲ್ಲರೂ ನೀರು ಮುಟ್ಟಬೇಕು, ಆಮೇಲೆ ಉಣ್ಣಬೇಕು.

ಅಷ್ಟರಲ್ಲಿ ಹೊಸ ಗಾಡಿ ಬೊಬ್ಬೆ ಹೊಡೆಯುತ್ತ ಬೀದಿಗೆ ತಿರುಗಿತು. ನಮ್ಮ ದಾರಿ ಕಾದು ಕಾದು, ಏನೋ ಅನಾಹುತವಾಗಿದೆ ಎಂದು ಹೆದರಿ, ರಿಬ್ಬನ್ ಸಮೇತ ಓಡಿಸಿಕೊಂಡು ಬಂದಿದ್ದರು. ದಳದ ಮುಖ್ಯಸ್ಥ ಧುಮುಕಿ ಏನಾಯಿತೆಂದು ಕೇಳಿದ.

"ಒಂದು ಸಾವಾಗಿದೆ," ಅಂದಳು ನೈರಿ. "ನೀರು ಬೇಕಿತ್ತು."

ಅವನು ಹೆಲ್ಮೆಟ್ ತೆಗೆದ. ಗುಲಾಬಿ ಪಾತಿಯಲ್ಲಿ ಗೋರಿಯ ಗುರುತಿಗೆ ಮಕ್ಕಳು ನೆಟ್ಟ ಐಸ್‌ಕ್ರೀಮ್ ಕಡ್ಡಿ ಕಂಡ ಮೇಲೂ ತಿರುಗಿ ಹಾಕಿಕೊಳ್ಳಲಿಲ್ಲ. ಆ ಗಾಡಿಯ ಮೊದಲ ಕೆಲಸ ಅದೇ: ಕೊಳವೆಯನ್ನು ನೂಲಿನೆಳೆಯಷ್ಟು ಸಣ್ಣಗೆ ಬಿಟ್ಟು ಪುಟ್ಟ ಕೈಗಳನ್ನು ತೊಳೆದದ್ದು. ಹಿಂದೆಯೇ ಮೇಯರಮ್ಮ ಕತ್ತರಿ ಹಿಡಿದು ಏದುಸಿರು ಬಿಡುತ್ತ ಬಂದರು. ನೇರವಾಗಿ ಮುಂದಕ್ಕೆ ನುಗ್ಗಿದವರನ್ನು ಪಾನಿಯಾ ತಡೆದಳು.

"ನೀವು ಲೇಟಾಗಿ ಬಂದ್ರಿ. ಹಿಂದೆ ನಿಂತ್ಕೊಳ್ಳಿ, ಆಂಟಿ."

ಅವರು ಸರದಿಯ ಕೊನೆಗೆ ಹೋಗಿ ನಿಂತರು.

ಸಮಾರಂಭಕ್ಕೆಂದು ಮಾಡಿಟ್ಟಿದ್ದ ಸ್ಯಾಂಡ್‌ವಿಚ್‌ಗಳನ್ನು ಠಾಣೆಯಿಂದ ಅಲ್ಲಿಗೇ ತರಿಸಿದರು. ಎಲ್ಲರೂ ರಸ್ತೆಯಂಚಿನಲ್ಲಿ ಸಾಲಾಗಿ ಕೂತು ತಿಂದೆವು. ಬೆವನ್ ಪಾನಿಯಾಳ ಪಕ್ಕದಲ್ಲೇ ಕೂತಿದ್ದ. ಬಹಳ ಹೊತ್ತಿನ ಮೇಲೆ, ತಾನು ಮಾತಾಡಿದ್ದು ಸರಿಯಾಗಿತ್ತೇ ಎಂದು ಅವಳನ್ನು ಮೆಲ್ಲಗೆ ಕೇಳಿದ.

ಅವಳು ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದಳು. "ಚೆನ್ನಾಗಿತ್ತು ಅಂಕಲ್. ನಿಮ್ಮಮ್ಮ ಒಳ್ಳೇವ್ರು," ಅಂದು, ತನ್ನ ಸ್ಯಾಂಡ್‌ವಿಚ್ಚಿನ ಅಂಚನ್ನು ಅವನ ಕೈಗೆ ಕೊಟ್ಟಳು. ಅವಳು ಅಂಚು ತಿನ್ನುವುದಿಲ್ಲ.